ಮೂರನೇ ಸೆಮಿಸ್ಟರ್‌ನಲ್ಲಿ ಕುಸಿದ ಸಿಜಿಪಿಎಯನ್ನು ಎಂಟರ ಮೇಲೆ ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ (ನಾಲ್ಕನೇ ಸೆಮಿಸ್ಟರ್ ವಿದ್ಯಾರ್ಥಿನಿ, ಕೆಂಗೇರಿ):

ಎಲ್ಲರಿಗೂ ನಮಸ್ಕಾರ. ನಾನು ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2022ರ ಸ್ಕೀಮಿನಲ್ಲಿ, ಅಂದರೆ ಆ ವರ್ಷದ ಪಠ್ಯಕ್ರಮದಲ್ಲಿ, ಕಂಪ್ಯೂಟರ್ ಸೈನ್ಸ್ ಓದುತ್ತಿದ್ದೇನೆ. ಮೊದಲ ವರ್ಷದ 40 ಕ್ರೆಡಿಟ್‌ಗಳ (ಪ್ರತಿ ವಿಷಯದ ತೂಕ ಹೇಳುವ ಅಂಕಿ) ಕೊನೆಗೆ 8.4 ಇದ್ದ ನನ್ನ ಸಿಜಿಪಿಎ (ಎಲ್ಲ ಸೆಮಿಸ್ಟರ್‌ಗಳ ಒಟ್ಟು ಸರಾಸರಿ, ಹತ್ತಕ್ಕೆ), ಮೂರನೇ ಸೆಮಿಸ್ಟರ್‌ನಲ್ಲಿ 6.9 ಬಂದದ್ದರಿಂದ 7.9ಕ್ಕೆ ಇಳಿದಿದೆ. ಕಾಲೇಜು ಯಲಹಂಕದ ಕಡೆ ಇರುವುದರಿಂದ ಮೆಟ್ರೋ ಹಿಡಿದು, ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತಿ ಹೋಗಿಬರುವುದರಲ್ಲೇ ದಿನಕ್ಕೆ ನಾಲ್ಕು ಗಂಟೆ ಕಳೆಯುತ್ತದೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ವಿಷಯ ಅರ್ಥವಾದರೂ ಉತ್ತರ ಬರೆಯುವಾಗ ಇಂಗ್ಲಿಷ್ ವಾಕ್ಯಗಳು ತಡವರಿಸುತ್ತವೆ. ಅಸೈನ್‌ಮೆಂಟು, ರೆಕಾರ್ಡು (ಲ್ಯಾಬ್ ಪ್ರಯೋಗಗಳನ್ನು ಬರೆದಿಡುವ ಪುಸ್ತಕ), ಇಂಟರ್ನಲ್ಸ್ (ಕಾಲೇಜಿನ ಆಂತರಿಕ ಪರೀಕ್ಷೆಗಳು) ಇವುಗಳ ನಡುವೆ ಓದಿಗೆ ಸಮಯವನ್ನು ಹೇಗೆ ಹೊಂದಿಸಿಕೊಳ್ಳಲಿ?

ಉತ್ತರ 1 (ನಿವೃತ್ತ ಉಪನ್ಯಾಸಕ, ಬಸವನಗುಡಿ):

ಮೊದಲು ಲೆಕ್ಕ ನೋಡೋಣಮ್ಮ, ಏಕೆಂದರೆ ಭಯದ ಬಹುಪಾಲು ಲೆಕ್ಕ ಗೊತ್ತಿಲ್ಲದಿರುವುದರಿಂದ ಬರುತ್ತದೆ. ಒಟ್ಟು 160 ಕ್ರೆಡಿಟ್‌ಗಳಲ್ಲಿ ನಿಮಗೆ ಇನ್ನೂ 100 ಉಳಿದಿವೆ. ಕೊನೆಗೆ 8 ಉಳಿಯಬೇಕಾದರೆ ಇನ್ನು ಮುಂದೆ ಸರಾಸರಿ 8.06 ಸಾಕು, 8.5 ಬೇಕೆಂದರೆ ಮಾತ್ರ ಸುಮಾರು 8.86ರಷ್ಟು ಬರಬೇಕು.

ಇನ್ನು ಗ್ರೇಡಿನ ಮೆಟ್ಟಿಲುಗಳನ್ನು ಗಮನಿಸಿ. ಅಂಕ 70ರಿಂದ 79ರವರೆಗೆ ಇದ್ದರೆ 8 ಗ್ರೇಡ್ ಅಂಶ, 80ರಿಂದ 89ರವರೆಗೆ 9 ಅಂಶ. ನಾಲ್ಕು ಕ್ರೆಡಿಟ್‌ನ ವಿಷಯದಲ್ಲಿ 79ರ ಬದಲು 80 ಬಂದರೆ, 20 ಕ್ರೆಡಿಟ್‌ಗಳ ಸೆಮಿಸ್ಟರ್‌ನಲ್ಲಿ ಆ ಒಂದೇ ಅಂಕ ಎಸ್‌ಜಿಪಿಎಯನ್ನು (ಆ ಒಂದು ಸೆಮಿಸ್ಟರ್‌ನ ಸರಾಸರಿ) 0.2ರಷ್ಟು ಮೇಲೆತ್ತುತ್ತದೆ. ಒಂದು ಕ್ರೆಡಿಟ್‌ನ ಲ್ಯಾಬಿನಲ್ಲಿ ಅದೇ ಮೆಟ್ಟಿಲು ಹತ್ತಿದರೆ ಸಿಗುವುದು 0.05 ಮಾತ್ರ. ಆದ್ದರಿಂದ ಪ್ರತಿ ವಿಷಯದ ಆಂತರಿಕ ಅಂಕ ತಿಳಿದೊಡನೆ, ಮುಂದಿನ ಮೆಟ್ಟಿಲಿಗೆ ಸೆಮಿಸ್ಟರ್ ಪರೀಕ್ಷೆಯಲ್ಲಿ ಎಷ್ಟು ಬೇಕೆಂದು ಬರೆದಿಟ್ಟುಕೊಂಡು, ಓದುವ ಗಂಟೆಗಳನ್ನು ಅದಕ್ಕೆ ತಕ್ಕಂತೆ ಹಂಚಿಕೊಳ್ಳಿ. ಹಾಜರಾತಿ 85 ಪ್ರತಿಶತಕ್ಕಿಂತ ಕೆಳಗೆ ಇಳಿಯದಂತೆಯೂ ನೋಡಿಕೊಳ್ಳಿ.

ಉತ್ತರ 2 (ಇದೇ ಸ್ಕೀಮಿನಲ್ಲಿ ಓದಿ ಮುಗಿಸಿದವಳು, ರಾಜಾಜಿನಗರ):

ಸರ್ ಹೇಳಿದ ಲೆಕ್ಕಕ್ಕೆ ನನ್ನ ಅನುಭವವನ್ನು ಸೇರಿಸುತ್ತೇನೆ. ಆಪರೇಟಿಂಗ್ ಸಿಸ್ಟಮ್ಸ್‌ನಂತಹ ಲ್ಯಾಬ್ ಸಹಿತದ ವಿಷಯಗಳಲ್ಲಿ 50 ಆಂತರಿಕ ಅಂಕಗಳ ಪೈಕಿ 25 ಲ್ಯಾಬಿಗೇ ಮೀಸಲು. ನಾನು ರೆಕಾರ್ಡನ್ನು ಕೊನೆಯ ವಾರಕ್ಕೆ ತಳ್ಳಿ, ಸುಲಭವಾಗಿ ಸಿಗಬೇಕಾದ ಅಂಕಗಳನ್ನು ಕಳೆದುಕೊಂಡೆ. ನೀವು ಹಾಗೆ ಮಾಡಬೇಡಿ. ಲ್ಯಾಬ್ ಮುಗಿದ ದಿನವೇ ಬರೆದುಬಿಡಿ.

ಪ್ರಯಾಣದ ನಾಲ್ಕು ಗಂಟೆಯಲ್ಲಿ ಬಸ್ಸಿನ ನೂಕುನುಗ್ಗಲಿನ ಹೊತ್ತನ್ನು ಓದಿನ ಲೆಕ್ಕಕ್ಕೆ ಹಿಡಿಯಬೇಡಿ, ಅದು ವಿಶ್ರಾಂತಿಗಿರಲಿ. ಕೆಂಗೇರಿಯಲ್ಲಿ ಮೆಟ್ರೋ ಹತ್ತುವಾಗ ಸೀಟು ಸಿಕ್ಕರೆ, ಅಂದಿನ ತರಗತಿಯ ಹಿಂದಿನ ಪಾಠವನ್ನು ಒಮ್ಮೆ ತಿರುವಿಹಾಕಿ.

ಇಂಗ್ಲಿಷಿನ ತೊಡಕನ್ನು ನಾನೂ ಅನುಭವಿಸಿದ್ದೇನೆ, ಅದಕ್ಕಾಗಿ ಯಾರೂ ನಾಚಿಕೊಳ್ಳಬೇಕಾಗಿಲ್ಲ. ಸ್ಟ್ಯಾಕ್ ಎಂದರೇನು, ಕ್ಯೂ ಎಂದರೇನು (ಎರಡೂ ಕಂಪ್ಯೂಟರಿನಲ್ಲಿ ದತ್ತಾಂಶ ಜೋಡಿಸುವ ಕ್ರಮಗಳು) ಎಂಬುದನ್ನು ಮೊದಲು ನನ್ನ ತಮ್ಮನಿಗೆ ಕನ್ನಡದಲ್ಲಿ ವಿವರಿಸುತ್ತಿದ್ದೆ. ಅವನು ತಲೆಯಾಡಿಸಿದ ಮೇಲೆ, ಚಿತ್ರ ಬರೆದು, ಕೆಳಗೆ ನಾಲ್ಕೈದು ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಅದನ್ನೇ ಬರೆಯುತ್ತಿದ್ದೆ. ಹಳೆಯ ಪ್ರಶ್ನೆಪತ್ರಿಕೆಗಳ ಉತ್ತರಗಳನ್ನು ಹೀಗೆ ಕೈಯಾರೆ ಬರೆದದ್ದರಿಂದ ನನಗಾದ ಉಪಕಾರ ಬೇರೆ ಯಾವುದರಿಂದಲೂ ಆಗಲಿಲ್ಲ. ಪಠ್ಯದ ಐದು ಮಾಡ್ಯೂಲ್‌ಗಳಲ್ಲಿ (ಭಾಗಗಳಲ್ಲಿ) ತಲಾ ಎರಡು ಪ್ರಶ್ನೆ ಕೊಟ್ಟು ಒಂದಕ್ಕೆ ಉತ್ತರ ಕೇಳುತ್ತಾರಾದರೂ, ಅದನ್ನು ನಂಬಿ ಯಾವ ಮಾಡ್ಯೂಲನ್ನೂ ಪೂರ್ತಿ ಬಿಡಬೇಡಿ.

ಪ್ರಶ್ನೆ ಕೇಳಿದವರು:

ಸರ್, ಅಕ್ಕ, ಇಬ್ಬರಿಗೂ ಧನ್ಯವಾದಗಳು. ಬೇಕಿರುವುದು 8.06 ಎಂದು ನೋಡಿದ ಮೇಲೆ ಎಷ್ಟೋ ಸಮಾಧಾನವಾಯಿತು. ಒಂದು ವಿಷಯ ಹೇಳಿರಲಿಲ್ಲ: ಫೀಸಿಗೆ ನೆರವಾಗಲೆಂದು ದಿನಾ ಸಂಜೆ ಎರಡು ಗಂಟೆ ಮನೆಪಾಠ ಹೇಳುತ್ತೇನೆ. ಅದನ್ನು ಬಿಡಲು ಮನಸ್ಸಿಲ್ಲ.

ಉತ್ತರ (ನಿವೃತ್ತ ಉಪನ್ಯಾಸಕ):

ಪೂರ್ತಿ ಬಿಡಬೇಡಿ. ಆ ಮಕ್ಕಳ ಪೋಷಕರನ್ನು ಕೇಳಿ ಪಾಠವನ್ನು ಶನಿವಾರ, ಭಾನುವಾರಕ್ಕೆ ಬದಲಿಸಿಕೊಳ್ಳಲು ಸಾಧ್ಯವೇ ನೋಡಿ, ಇಂಟರ್ನಲ್ಸ್ ಇರುವ ವಾರಗಳಲ್ಲಿ ಮಾತ್ರ ರಜೆ ಕೇಳಿ. ಹಾಗೆ ಉಳಿದ ಸಂಜೆಗಳಲ್ಲಿ ಮೊದಲ ಎರಡನ್ನು ನಾಲ್ಕು ಕ್ರೆಡಿಟ್‌ನ ವಿಷಯಗಳಿಗೆ ಕೊಡಿ.