ಆರ್ಮರ್ ಥೈರಾಯ್ಡ್ 60 ಮಿ.ಗ್ರಾಂ: ಟಿಎಸ್‌ಎಚ್ ಏರಿದೆ, ಎದೆಯೂ ಡವಗುಟ್ಟುತ್ತದೆ. ಡೋಸ್ ಏರಿಸಬೇಕೇ?

ಮಲೆನಾಡ_ಮಳೆ

ಎಲ್ಲರಿಗೂ ನಮಸ್ಕಾರ. ನಾನಿರುವುದು ಅಮೆರಿಕದ ನ್ಯೂಜೆರ್ಸಿಯಲ್ಲಿ. ವಯಸ್ಸು 38, ತೂಕ 64 ಕೆ.ಜಿ., ಹಾಶಿಮೊಟೊ (ದೇಹದ ರೋಗನಿರೋಧಕ ಶಕ್ತಿಯೇ ಥೈರಾಯ್ಡ್ ಗ್ರಂಥಿಯನ್ನು ಕೆಡಿಸುವ ಕಾಯಿಲೆ). ಲಿವೋಥೈರಾಕ್ಸಿನ್ (ಕೃತಕ ಟಿ4) 100 ಮೈಕ್ರೋಗ್ರಾಂನಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಹಾರ್ಮೋನು ಸಾಲದಿದ್ದಾಗ ಏರುವ ಸೂಚಕ) 2.1 ಇತ್ತು, ಆದರೆ ಸುಸ್ತು ಬಿಡಲಿಲ್ಲ. ಡಾಕ್ಟರು ಟಿ4, ಟಿ3 ಎಂಬ ಎರಡೂ ಥೈರಾಯ್ಡ್ ಹಾರ್ಮೋನು ಇರುವ ಆರ್ಮರ್ ಥೈರಾಯ್ಡ್ 60 ಮಿ.ಗ್ರಾಂಗೆ ಬದಲಿಸಿದರು. ಆರು ವಾರದ ನಂತರದ ರಿಪೋರ್ಟ್:

ಟಿಎಸ್‌ಎಚ್ 5.8
ಫ್ರೀ ಟಿ4 0.7 (ಲ್ಯಾಬಿನ ಮಿತಿ 0.8–1.8)
ಫ್ರೀ ಟಿ3 3.9 (ಮಿತಿ 2.3–4.2)

ಮಾತ್ರೆ ಬೆಳಿಗ್ಗೆ ಆರೂವರೆಗೆ, ರಕ್ತ ಕೊಟ್ಟಿದ್ದು ಒಂಬತ್ತೂವರೆಗೆ. ಹತ್ತರ ಹೊತ್ತಿಗೆ ಎದೆ ಡವಡವ, ಮಧ್ಯಾಹ್ನ ಮೂರಕ್ಕೆ ಕಣ್ಣು ಎಳೆಯುವಷ್ಟು ಆಯಾಸ. ಈಗ ಒಂದೇ ಸಲಕ್ಕೆ 90ಕ್ಕೆ ಏರಿಸೋಣ ಅಂದಿದ್ದಾರೆ. ಟಿಎಸ್‌ಎಚ್ ನೋಡಿದರೆ ಔಷಧ ಸಾಲದು, ಟಿ3 ನೋಡಿದರೆ ಸಾಕಷ್ಟಿದೆ. ಯಾವುದನ್ನು ನಂಬಬೇಕು?

ಅಳತೆಗೋಲು

ಮೊದಲು ಮಾತ್ರೆಯೊಳಗೆ ಏನಿದೆ ನೋಡಿ. 60 ಮಿ.ಗ್ರಾಂ ಅಂದರೆ ಹಳೆಯ ತೂಕದ ಲೆಕ್ಕದಲ್ಲಿ ಒಂದು ಗ್ರೇನ್. ಅದರಲ್ಲಿ ಟಿ4 38 ಮೈಕ್ರೋಗ್ರಾಂ, ಟಿ3 9 ಮೈಕ್ರೋಗ್ರಾಂ. ಪರಿವರ್ತನೆಯ ಪಟ್ಟಿಗಳಲ್ಲಿ 100 ಮೈಕ್ರೋಗ್ರಾಂ ಲಿವೋಥೈರಾಕ್ಸಿನ್‌ಗೆ ಇದು ಸಮ ಅಂತಿರುತ್ತದೆ. ಕೂಡಿ ನೋಡಿದರೆ ಲೆಕ್ಕ ಬೇರೆ ಬರುತ್ತದೆ. ಟಿ3ಯ ಬಲ ಟಿ4ರ ಮೂರು-ನಾಲ್ಕು ಪಟ್ಟು. 9ನ್ನು ಮೂರರಿಂದ ಗುಣಿಸಿದರೆ 27, ನಾಲ್ಕರಿಂದಾದರೆ 36. ಅದಕ್ಕೆ 38 ಸೇರಿಸಿದರೆ 65ರಿಂದ 74. ನೂರಕ್ಕೆ ಮುಟ್ಟುವುದೇ ಇಲ್ಲ! ಹಾಗಾಗಿ ಪಟ್ಟಿ ನೋಡಿ ಬದಲಿಸಿದವರಲ್ಲಿ ಕೆಲವರಿಗೆ ಟಿಎಸ್‌ಎಚ್ ಮೇಲೇರುವುದರಲ್ಲಿ ಆಶ್ಚರ್ಯವಿಲ್ಲ. ಪಟ್ಟಿ ಆರಂಭಕ್ಕೆ ಮಾತ್ರ, ಆರು ವಾರದ ಪರೀಕ್ಷೆಯೇ ನಿಜವಾದ ಅಳತೆ.

ಇನ್ನು ಫ್ರೀ ಟಿ4 ಕಡಿಮೆ ಬಂದಿದ್ದು. ಈ ಔಷಧದಲ್ಲಿ ಅದು ಮಾಮೂಲು. ಮನುಷ್ಯರ ಗ್ರಂಥಿ ಸುಮಾರು 14 ಪಾಲು ಟಿ4ಗೆ 1 ಪಾಲು ಟಿ3 ಸುರಿಸುತ್ತದೆ, ಆರ್ಮರ್‌ನಲ್ಲಿರುವ ಹಂದಿಯ ಗ್ರಂಥಿಯ ಪುಡಿಯಲ್ಲಿ 4ಕ್ಕೆ 1. ಡೋಸ್ ಸರಿ ಇದ್ದಾಗಲೂ ಟಿ4 ಮಿತಿಯ ತಳದಲ್ಲೇ ಇರುತ್ತದೆ. ಟಿ4 ನಡುಮಟ್ಟಕ್ಕೆ ಬರಲಿ ಅಂತ ಮಾತ್ರೆ ಏರಿಸುತ್ತ ಹೋದರೆ ಟಿ3 ಮಿತಿ ಮೀರಿ ಟಿಎಸ್‌ಎಚ್ 0.1ಕ್ಕಿಂತ ಕೆಳಗಿಳಿಯುತ್ತದೆ. ಅಲ್ಲಿಂದ ಮುಂದೆ ಹೃದಯದ ಲಯ ತಪ್ಪುವುದು, ಮುಟ್ಟು ನಿಂತವರಲ್ಲಿ ಮೂಳೆ ಸವೆಯುವುದು. ಗುರಿ ಟಿಎಸ್‌ಎಚ್‌ನದ್ದೇ ಆಗಿರಬೇಕು, ಸುಮಾರು 0.4ರಿಂದ 4.0ರೊಳಗೆ.

60ರಿಂದ 90 ದೊಡ್ಡ ಜಿಗಿತ. 90ರಲ್ಲಿ ಟಿ3 13.5 ಮೈಕ್ರೋಗ್ರಾಂ, ಅಷ್ಟೂ ಒಂದೇ ಗುಟುಕಿಗೆ. ಎದೆ ಈಗಲೇ ಡವಗುಟ್ಟುತ್ತಿರುವಾಗ ಅದು ಬೇಡ. ಆರ್ಮರ್ 15 ಮಿ.ಗ್ರಾಂನಲ್ಲೂ ಸಿಗುತ್ತದೆ; ಏರಿಸುವ ಮೆಟ್ಟಿಲು ಅದೇ. 60 ಜೊತೆಗೆ 15 ಅಂತ ಬರೆದುಕೊಡುವಂತೆ ಡಾಕ್ಟರನ್ನು ಕೇಳಿ.

ಸೀರಮ್_ಸಾಕ್ಷಿ

ಮೇಲಿನವರ ಲೆಕ್ಕ ಸರಿ. ಆದರೆ 15 ಕೂಡಿಸುವ ಮೊದಲು ಈ ರಿಪೋರ್ಟನ್ನೇ ನಂಬಬಹುದೇ ನೋಡೋಣ. ಟಿ3 ನುಂಗಿದ ಎರಡರಿಂದ ನಾಲ್ಕು ಗಂಟೆಯೊಳಗೆ ರಕ್ತದಲ್ಲಿ ತುತ್ತತುದಿ ಮುಟ್ಟುತ್ತದೆ. ಆರೂವರೆಗೆ ನುಂಗಿ ಒಂಬತ್ತೂವರೆಗೆ ಕೊಟ್ಟ ರಕ್ತದಲ್ಲಿ ಕಂಡ 3.9 ದಿನದ ಅತಿ ಎತ್ತರದ ಅಂಕಿ. ಹತ್ತು ಗಂಟೆಯ ಡವಡವ ಕೂಡ ಅದರದ್ದೇ ಇರಬಹುದು. ಮುಂದಿನ ಸಲ ಲ್ಯಾಬಿನ ಮೊದಲ ಸರದಿ ಹಿಡಿಯಿರಿ. ಮಾತ್ರೆ ಚೀಲದಲ್ಲಿರಲಿ, ರಕ್ತ ಕೊಟ್ಟ ಮೇಲೆ ನುಂಗಿ. ಪ್ರತಿ ಸಲವೂ ಹೀಗೇ ಮಾಡಿದರೆ ಮಾತ್ರ ಎರಡು ರಿಪೋರ್ಟುಗಳನ್ನು ಹೋಲಿಸಬಹುದು.

ಬೇರೆ ಏನೇನು ಮಾತ್ರೆ ನುಂಗುತ್ತೀರಿ, ಯಾವ ಹೊತ್ತಿಗೆ? ವಿಟಮಿನ್ ಸಹಿತ ಎಲ್ಲ ಬರೆಯಿರಿ.

ಮಲೆನಾಡ_ಮಳೆ

ಎಂಟಕ್ಕೆ ತಿಂಡಿ ಜೊತೆ ಕಬ್ಬಿಣದ ಮಾತ್ರೆ, 65 ಮಿ.ಗ್ರಾಂ. ಎರಡು ತಿಂಗಳಿಂದ. ಕೂದಲು ಉದುರುವುದಕ್ಕೆ ಒಂದು ಗಮ್ಮಿ, ಅದರಲ್ಲಿ ಬಯೋಟಿನ್ 5,000 ಮೈಕ್ರೋಗ್ರಾಂ. ಥೈರಾಯ್ಡ್ ಮಾತ್ರೆ ನುಂಗಿ ಹದಿನೈದು ನಿಮಿಷಕ್ಕೆ ಫಿಲ್ಟರ್ ಕಾಫಿ.

ಸೀರಮ್_ಸಾಕ್ಷಿ

ಹಾಗಾದರೆ ಡೋಸ್ ಈಗಲೇ ಮುಟ್ಟುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಡಾಕ್ಟರಿಗೆ ಈ ಮೂರನ್ನೂ ತಿಳಿಸಿ.

ಕಬ್ಬಿಣ ಹೊಟ್ಟೆಯಲ್ಲೇ ಹಾರ್ಮೋನಿಗೆ ಅಂಟಿಕೊಂಡು ರಕ್ತಕ್ಕೆ ಹೋಗಗೊಡುವುದಿಲ್ಲ. ಕ್ಯಾಲ್ಸಿಯಂ ಮಾತ್ರೆಯೂ ಹಾಗೇ. ನಾಲ್ಕು ಗಂಟೆ ಅಂತರ ಬೇಕು, ನಿಮ್ಮದು ಒಂದೂವರೆ ಗಂಟೆ. ಕಬ್ಬಿಣವನ್ನು ರಾತ್ರಿಗೆ ಹಾಕಿ. ಕಾಫಿಯನ್ನು ಮುಕ್ಕಾಲರಿಂದ ಒಂದು ಗಂಟೆ ತಡ ಮಾಡಿ. ಹಾಲು ಹಾಕದಿದ್ದರೂ ಕಾಫಿ ಹೀರಿಕೆಯನ್ನು ತಗ್ಗಿಸುತ್ತದೆ. ಬೆಳಿಗ್ಗೆ ರಾಗಿ ಮಾಲ್ಟ್ ಕುಡಿಯುವವರಿಗೂ ಇದೇ ಅಂತರ.

ಬಯೋಟಿನ್ ಕಥೆ ಬೇರೆ. ಅದು ಥೈರಾಯ್ಡನ್ನು ಏನೂ ಮಾಡುವುದಿಲ್ಲ, ಪರೀಕ್ಷೆಯನ್ನು ಕೆಡಿಸುತ್ತದೆ. ಹಲವು ಲ್ಯಾಬ್ ಯಂತ್ರಗಳು ಅಳೆಯುವುದೇ ಬಯೋಟಿನ್-ಸ್ಟ್ರೆಪ್ಟಾವಿಡಿನ್ ಎಂಬ ಅಂಟಿನ ಮೇಲೆ. ರಕ್ತದಲ್ಲಿ ಬಯೋಟಿನ್ ತುಂಬಿದ್ದರೆ ಅಂತಹ ಯಂತ್ರ ಟಿಎಸ್‌ಎಚ್ ಅನ್ನು ಇರುವುದಕ್ಕಿಂತ ಕಡಿಮೆ, ಫ್ರೀ ಟಿ4, ಟಿ3ಗಳನ್ನು ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಅಂದರೆ ನಿಮ್ಮ ನಿಜವಾದ ಟಿಎಸ್‌ಎಚ್ 5.8ಕ್ಕಿಂತ ಮೇಲಿದ್ದೀತು, ಟಿ3 3.9ಕ್ಕಿಂತ ಕೆಳಗಿದ್ದೀತು. ಪರೀಕ್ಷೆಗೆ ಮೂರು ದಿನ ಮೊದಲೇ ಗಮ್ಮಿ ನಿಲ್ಲಿಸಿ.

60 ಮಿ.ಗ್ರಾಂ ಹಾಗೇ ಇಟ್ಟುಕೊಂಡು ಈ ಮೂರನ್ನು ಸರಿಪಡಿಸಿ, ಆರು ವಾರದ ಮೇಲೆ ಮತ್ತೆ ನೋಡಿ. ಟಿ4ರ ಅರ್ಧಾಯುಷ್ಯ ಸುಮಾರು ಏಳು ದಿನ. ಅದು ನೆಲೆಗೊಳ್ಳದೆ ಟಿಎಸ್‌ಎಚ್ ನಿಲ್ಲುವುದಿಲ್ಲ. ಆಗಲೂ ಟಿಎಸ್‌ಎಚ್ ಮೇಲಿದ್ದರೆ 75. ಹೀರಿಕೆ ಮತ್ತು ಡೋಸ್ ಎರಡನ್ನೂ ಒಟ್ಟಿಗೆ ಬದಲಿಸಿದರೆ ಎರಡು ತಿಂಗಳಲ್ಲಿ ಅತಿ ಡೋಸ್ ಆದೀತು, ಯಾವುದರಿಂದ ಆಯಿತೆಂದೂ ಗೊತ್ತಾಗದು.

ಅಳತೆಗೋಲು

ಒಪ್ಪಿದೆ. ಕಬ್ಬಿಣದ ವಿಷಯ ಕೇಳದೆ 75 ಅಂದದ್ದು ನನ್ನ ತಪ್ಪು.

ಡವಡವಕ್ಕೆ ಒಂದು ದಾರಿ: ಡಾಕ್ಟರು ಒಪ್ಪಿದರೆ 60ನ್ನು 30-30 ಮಾಡುವುದು. ಬೆಳಿಗ್ಗೆ ಒಂದು, ಮಧ್ಯಾಹ್ನದ ಊಟವಾಗಿ ಮೂರು ಗಂಟೆ ಬಿಟ್ಟು ಇನ್ನೊಂದು, ಸಂಜೆಯ ಕಾಫಿ ಅದಾಗಿ ಒಂದು ಗಂಟೆಗೆ. ಮೂರು ಗಂಟೆಯ ಆಯಾಸಕ್ಕೂ ಇದರಿಂದ ಅನುಕೂಲವಾಗಬಹುದು. 60ರ ಮಾತ್ರೆಯನ್ನು ಚಾಕುವಿನಲ್ಲಿ ಕತ್ತರಿಸಿದರೆ ಒಂದು ಚೂರು ದೊಡ್ಡದು, ಒಂದು ಚಿಕ್ಕದು, ಉಳಿದದ್ದು ಪುಡಿ. 30ರ ಮಾತ್ರೆಯನ್ನೇ ಬರೆಸಿಕೊಳ್ಳಿ. ಡಬ್ಬಿ ತೆರೆದಾಗ ಘಾಟು ವಾಸನೆ ಬಂದರೆ ಗಾಬರಿ ಬೇಡ, ಗ್ರಂಥಿಯ ಪುಡಿಯ ಗುಣ ಅದು. ಸ್ನಾನದ ಕೋಣೆಯ ತೇವದಲ್ಲಿ ಮಾತ್ರ ಇಡಬೇಡಿ.

ಅರಳೀಕಟ್ಟೆ

ಯಾರೂ ಬಿಡಿಸಿ ಹೇಳದ ಎರಡು-ಮೂರು ಮಾತು.

ಇದು ಹಂದಿಯ ಗ್ರಂಥಿಯಿಂದ ಮಾಡಿದ್ದು. ನಮ್ಮವರಲ್ಲಿ ಎಷ್ಟೋ ಜನ 'ನ್ಯಾಚುರಲ್' ಅಂದರೆ ಗಿಡಮೂಲಿಕೆ ಅಂದುಕೊಳ್ಳುತ್ತಾರೆ. ಸಸ್ಯಾಹಾರಿಗಳಿಗೆ ಟಿ3 ಬೇಕೇ ಬೇಕಾದರೆ ಕೃತಕ ಲಿವೋಥೈರಾಕ್ಸಿನ್ ಜೊತೆ ಸ್ವಲ್ಪ ಲಿಯೋಥೈರೋನಿನ್ (ಕೃತಕ ಟಿ3) ಕೂಡಿಸುವ ಕ್ರಮವಿದೆ, ಉದಾಹರಣೆಗೆ 88 ಮೈಕ್ರೋಗ್ರಾಂಗೆ 5 ಮೈಕ್ರೋಗ್ರಾಂ, ಅದನ್ನೂ ಎರಡು ಹೊತ್ತಿಗೆ ಹಂಚಿ. ಟಿ4, ಟಿ3 ಬೇರೆ ಬೇರೆಯಾಗಿ ಏರಿಸಿ ಇಳಿಸಬಹುದು. ಗ್ರಂಥಿಯ ಪುಡಿಯಲ್ಲಿ ಆ ಅನುಕೂಲ ಇಲ್ಲ.

ಮಗುವಿನ ಯೋಚನೆ ಇದ್ದರೆ ಗರ್ಭ ನಿಲ್ಲುವ ಮೊದಲೇ ಲಿವೋಥೈರಾಕ್ಸಿನ್‌ಗೆ ಮರಳಬೇಕು. ಭ್ರೂಣದ ಮೆದುಳಿಗೆ ಬೇಕಾದದ್ದು ತಾಯಿಯ ಟಿ4. ಟಿ3 ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಇದರಲ್ಲಿ ರಾಜಿ ಬೇಡವೇ ಬೇಡ.

ಪೂರೈಕೆಯ ಚಿಂತೆಯೂ ಇದೆ. ಈ ಔಷಧಕ್ಕೆ ಎಫ್‌ಡಿಎ (ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ) ಅನುಮೋದನೆ ಎಂದೂ ಇರಲಿಲ್ಲ. 2025ರ ಆಗಸ್ಟ್‌ನಲ್ಲಿ ಎಫ್‌ಡಿಎ ಈ ಬಗ್ಗೆ ಕ್ರಮ ಕೈಗೊಳ್ಳುವುದಾಗಿ ತಯಾರಕರಿಗೆ ಪತ್ರ ಬರೆದಿದೆ. 2020ರಲ್ಲಿ ಇದೇ ಬಗೆಯ ಇನ್ನೊಂದು ಬ್ರ್ಯಾಂಡ್ ಎನ್‌ಪಿ ಥೈರಾಯ್ಡ್‌ನ ಕೆಲವು ಲಾಟ್‌ಗಳನ್ನು ಪ್ರಮಾಣ ತಪ್ಪಿದ್ದಕ್ಕೆ ಹಿಂಪಡೆದರು. ಅಂಗಡಿಯವರು ಬ್ರ್ಯಾಂಡ್ ಬದಲಿಸಿ ಕೊಟ್ಟರೆ ಹೊಸ ಔಷಧ ಅಂತಲೇ ತಿಳಿದು ಆರು ವಾರಕ್ಕೆ ಪರೀಕ್ಷೆ ಮಾಡಿಸಿ. ಊರಿಗೆ ಬಂದಾಗ ಹೋಮಿಯೋಪತಿಯ ಥೈರಾಯ್ಡಿನಮ್ ಅಥವಾ ಆಯುರ್ವೇದದ ಕಾಂಚನಾರ ಗುಗ್ಗುಲು ಇದಕ್ಕೆ ಬದಲಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆರ್ಮರ್ ಕೊಡುವ ಹಾರ್ಮೋನನ್ನು ಅವು ಕೊಡುವುದಿಲ್ಲ.

ಮೂಲ ಸುಸ್ತಿನ ಬಗ್ಗೆ: ಟಿಎಸ್‌ಎಚ್ 2.1 ಇದ್ದಾಗಲೂ ಆಯಾಸ ಇತ್ತು ಅಂದಿರಿ. ಕಬ್ಬಿಣ ನುಂಗುತ್ತಿರುವುದರಿಂದ ಫೆರಿಟಿನ್ (ದೇಹದ ಕಬ್ಬಿಣದ ಸಂಗ್ರಹದ ಅಳತೆ) ಎಷ್ಟಿದೆ, ಬಿ12 ಎಷ್ಟಿದೆ ಕೇಳಿ. 2013ರ ಒಂದು ಅಧ್ಯಯನದಲ್ಲಿ 70 ಜನರಿಗೆ ಎರಡೂ ಔಷಧ ಸರದಿಯಲ್ಲಿ ಕೊಟ್ಟಾಗ 34 ಜನ ಗ್ರಂಥಿಯ ಪುಡಿಯನ್ನೇ ಮೆಚ್ಚಿದರು, 13 ಜನ ಲಿವೋಥೈರಾಕ್ಸಿನ್ ಅಂದರು, ಉಳಿದವರಿಗೆ ವ್ಯತ್ಯಾಸ ಕಾಣಲಿಲ್ಲ. ನಿಮಗೆ ಒಗ್ಗದಿದ್ದರೆ ಹಿಂದಿರುಗುವುದರಲ್ಲಿ ತಪ್ಪೇನಿಲ್ಲ.

ಸೀರಮ್_ಸಾಕ್ಷಿ

ಒಂದು ಎಚ್ಚರಿಕೆ ಬಿಟ್ಟುಹೋಗಿತ್ತು. ಕೂತಿರುವಾಗಲೂ ನಾಡಿ ನಿಮಿಷಕ್ಕೆ 100 ದಾಟಿದರೆ ಅಥವಾ ಬಡಿತ ತಾಳ ತಪ್ಪಿದರೆ ಆರು ವಾರ ಕಾಯಬೇಡಿ, ಅಂದೇ ಡಾಕ್ಟರಿಗೆ ಫೋನ್ ಮಾಡಿ ಇಸಿಜಿ ಮಾಡಿಸಿ. ಎದೆನೋವು ಅಥವಾ ಉಸಿರಾಟಕ್ಕೆ ತೊಂದರೆ ಇದ್ದರೆ ನೇರವಾಗಿ 911.