ಮೇಲಿನ ಬಡಾವಣೆ ಗುಂಪು: ಕೆರೆದು ಬಿಟ್ಟ ರಸ್ತೆ

ಮನೆ 14, ರಾತ್ರಿ 11:52
ಸಾಕಪ್ಪಾ ಸಾಕು. ಈಗ ತಾನೇ ತಿರುವಿನ ಮ್ಯಾನ್‌ಹೋಲ್ ಮುಚ್ಚಳಕ್ಕೆ ಇನ್ನೊಂದು ಸ್ಕೂಟರ್ ಹೊಡೀತು. ಇವತ್ತಿಗೆ ಮೂರನೇದು. ಈ ಮಂಜಲ್ಲಿ ಎದುರಿಗೆ ಬರೋ ಜೀಪೇ ಕಾಣಲ್ಲ, ಮುಚ್ಚಳ ಎಲ್ಲಿ ಕಾಣುತ್ತೆ? ಹಳೇ ಡಾಂಬರು ಮೆಷಿನ್‌ನಲ್ಲಿ ಕೆರೆದು ಒಂಬತ್ತು ದಿನ. ಮೆಷಿನ್ ಹೋಯ್ತು, ಟಿಪ್ಪರ್ ಹೋಯ್ತು, ಡಾಂಬರು ಎಲ್ಲಿ? ನಾಳೆ ರಸ್ತೆಗೆ ಅಡ್ಡ ಕೂರೋದೇ. ಯಾರು ಬರ್ತೀರಿ ಹೇಳಿ.

ಮನೆ 22, 11:58
ನಾನು ಆವತ್ತೇ ಹೇಳಿದ್ದೆ. ಕೆರೆಯೋದೇ ಬೇಡ, ಮೇಲೊಂದು ಪದರ ಎಳೆದ್ರೆ ಸಾಕು ಅಂತ. ಕೇಳಿದ್ರಾ?

ಮನೆ 5, 12:03
ಮೇಲೆ ಮೇಲೆ ಎಳೆದೇ ನಮ್ಮ ಗೇಟು ರಸ್ತೆಗಿಂತ ಒಂದು ಗೇಣು ಕೆಳಗೆ ಕೂತಿರೋದು. ಜುಲೈನಲ್ಲಿ ಅಂಗಳದಲ್ಲಿ ದೋಣಿ ಬಿಡಬಹುದು. ನೀವು ದಿಬ್ಬದ ಮೇಲಿದ್ದೀರಿ, ನಿಮಗೇನು.

ಮನೆ 22, 12:04
ಅದು ಚರಂಡಿ ಸಮಸ್ಯೆ. ಚರಂಡಿ ಮೇಲೆ ಚಪ್ಪಡಿ ಎಳೆದು ಕಾರ್ ನಿಲ್ಲಿಸಿದವರು ಯಾರು ಅಂತ ಎಲ್ರಿಗೂ ಗೊತ್ತು.

ಅಡ್ಮಿನ್, 12:06
ಮಲ್ಕೊಳ್ಳಿ ಮಾರಾಯ್ರೇ. ಬೆಳಗ್ಗೆ ಮಾತಾಡೋಣ.

ಮನೆ 31, ಬೆಳಗ್ಗೆ 6:20
ಅಡ್ಡ ಕೂರೋದಕ್ಕೆ ಮುಂಚೆ ಮುಚ್ಚಳಕ್ಕೆ ದಾರಿ ನೋಡಿ. 40 ಮಿ.ಮೀ ಕೆರೆದಿದ್ದಾರೆ, ಮುಚ್ಚಳ ಅಷ್ಟೇ ಎದ್ದು ನಿಂತಿದೆ. ಕೆರೆದ ದಿನವೇ ಸುತ್ತ ಇಳಿಜಾರು ಕಟ್ಟಬೇಕಿತ್ತು, ಕಟ್ಟಿಲ್ಲ. ನಾವೇ ಮಾಡಬಹುದು: ಮೊದಲು ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಕೋಲ್ಡ್ ಮಿಕ್ಸ್ (ಬಿಸಿ ಮಾಡದೆ ಹಾಕೋ ಡಾಂಬರು-ಜಲ್ಲಿ) ಸುರೀರಿ. ಮುಚ್ಚಳದ ಅಂಚಿಂದ ಸುತ್ತಲೂ ಎರಡಡಿ ಬರಲಿ. ಸಲಿಕೆ ಬೆನ್ನಲ್ಲಿ ತಟ್ಟಿ, ಜೀಪಿನ ಚಕ್ರ ನಾಲ್ಕು ಸಲ ಹತ್ತಿಸಿ. ಒಂದು ಮುಚ್ಚಳಕ್ಕೆ 25 ಕೆಜಿ ಚೀಲ ಮೂರೂವರೆ ಬೇಕು. ಐದು ಮುಚ್ಚಳ, 18 ಚೀಲ. ಅಂಚಿಗೆ ಸುಣ್ಣ ಬಳಿದ್ರೆ ಮಂಜಲ್ಲೂ ಕಾಣುತ್ತೆ.

ಮನೆ 9, 6:41
ಸಿಮೆಂಟ್ ಆಗಲ್ವಾ? ಮನೆ ಕಟ್ಟಿದ್ದು ಮೂರು ಮೂಟೆ ಉಳಿದಿದೆ.

ಮನೆ 31, 6:44
ಬೇಡ. ಡಾಂಬರು ಹಾಕೋ ದಿನ ಅದನ್ನ ಕಿತ್ತು ತೆಗೀಬೇಕು. ಸಿಮೆಂಟ್ ಆದ್ರೆ ಯಾರೂ ಒಡೆಯಲ್ಲ, ಅದರ ಮೇಲೇ ತೆಳ್ಳಗೆ ಎಳೆದು ಹೋಗ್ತಾರೆ. ಮೊದಲ ಮಳೆಗೇ ಅಲ್ಲಿ ಉಂಗುರದ ಹಾಗೆ ಬಿರುಕು ಬಿಡುತ್ತೆ. ಹಾಳೆ ಹಾಸಿ ಅಂದಿದ್ದೂ ಕೀಳೋಕೆ ಸುಲಭ ಆಗಲಿ ಅಂತ.

ಮನೆ 17, 7:15
ಹಲವು ಬಾರಿ ಫಾರ್ವರ್ಡ್ ಮಾಡಲಾಗಿದೆ: ಕೆನಡಾದಲ್ಲಿ ರಸ್ತೆ ಮಾಡೋದು ಹೇಗೆ ನೋಡಿ!! ಮುಂದೆ ಕೆರೆತಾ ಹಿಂದೆ ಹಾಕ್ತಾ!! ನಮ್ಮ ದೇಶ ಯಾವಾಗ ಉದ್ಧಾರ?

ಮನೆ 22, 7:22
ಇದನ್ನೇ ನಾನು ಹೇಳ್ತಿರೋದು. ಚಳಿ ದೇಶದಲ್ಲಿ ಕೆರೆದ ರಸ್ತೆಯನ್ನ ಚಳಿಗಾಲಕ್ಕೆ ಬಿಡೋ ಹಾಗೇ ಇಲ್ಲ. ಮನವಿ ಪತ್ರ ನಾನೇ ಬರೀತೇನೆ. ಏಳು ಅಂಶ. ಮೊದಲನೇದು: 48 ಗಂಟೆಯೊಳಗೆ ಡಾಂಬರು, ಹಗಲಾಗಲಿ ರಾತ್ರಿಯಾಗಲಿ. ಎಲ್ರೂ ಸಹಿ ಹಾಕಬೇಕು.

ಮನೆ 31, 7:40
ಅಲ್ಲಿನ ಕಾರಣ ಬೇರೆ. ನೀರು ಹೆಪ್ಪುಗಟ್ಟಿದ್ರೆ ಶೇ 9ರಷ್ಟು ಹಿಗ್ಗುತ್ತೆ, ಕೆರೆದ ಗಾಯದೊಳಗೆ ಇಳಿದು ಒಡೆಯುತ್ತೆ. ಹಿಮ ತಳ್ಳೋ ಗಾಡಿಯ ಅಲಗು ಎದ್ದ ಮುಚ್ಚಳಕ್ಕೆ ಬಡಿಯುತ್ತೆ. ಹಿಮ ಬೀಳೋ ಹೊತ್ತಿಗೆ ಡಾಂಬರು ಪ್ಲಾಂಟ್‌ಗಳನ್ನೂ ಮುಚ್ಚಿರ್ತಾರೆ. ಅದಕ್ಕೇ ಅವರಿಗೆ ಅವಸರ. ನಮ್ಮಲ್ಲಿ ಹಿಮ ಇಲ್ಲ, ಮಂಜು. ಕೆರೆದ ರಸ್ತೆ ಎರಡು ವಾರ ಬಿಸಿಲಿಗೆ ಬಿದ್ದಿದ್ರೆ ಸಾಯಲ್ಲ. ತಪ್ಪು ಹವೆಯಲ್ಲಿ ಡಾಂಬರು ಹಾಕಿದ್ರೆ ಖಂಡಿತ ಸಾಯುತ್ತೆ.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಸ್ಪೆಸಿಫಿಕೇಶನ್ 501ನೇ ಕಲಂ ಓದಿ. ಮೈ ಒದ್ದೆ ಇದ್ರೆ ಹಾಕಬಾರದು. ಮಳೆ ಬಂದ್ರೆ, ಮಂಜು ಇದ್ರೆ ಹಾಕಬಾರದು. 10 ಡಿಗ್ರಿಗಿಂತ ಕೆಳಗೆ ಹಾಕಬಾರದು, ಪಾಲಿಮರ್ ಥರದ್ದು ಬೆರೆಸಿದ ಮಾಡಿಫೈಡ್ ಬಿಟುಮೆನ್ ಆದ್ರೆ 15. ನೀವು ರಾತ್ರೀನೂ ಹಾಕಿ ಅಂತ ಬರೆದುಕೊಟ್ರೆ ಅವರಿಗೆ ಇನ್ನೇನು ಬೇಕು.

ಮನೆ 22, 7:42
ಅಂದ್ರೆ ಕೊಡಗಲ್ಲಿ ರಸ್ತೆನೇ ಹಾಕಬಾರದು ಅನ್ನಿ.

ಮನೆ 3, 7:43
😂😂 ಮಂಜು ಹೋಗೋವರೆಗೆ ಅಂದ್ರೆ ಮಾರ್ಚ್. ಆಮೇಲೆ ಹೂಮಳೆ.

ಮನೆ 31, 8:05
ಹತ್ತೂವರೆಗೆ ನೆಲ ಒಣಗುತ್ತೆ, ನಾಲ್ಕಕ್ಕೆ ಮುಗಿಸಬೇಕು. ಅಷ್ಟು ಸಮಯ ಸಿಗುತ್ತೆ. ಮಾಮೂಲಿ ವಿಜಿ-30 ದರ್ಜೆಯ ಡಾಂಬರು ಆದ್ರೆ ಹಾಸೋವಾಗ ಕನಿಷ್ಠ 140 ಡಿಗ್ರಿ ಇರಬೇಕು, 90ಕ್ಕೆ ಇಳಿಯೋದ್ರೊಳಗೆ ರೋಲರ್ ಕೆಲಸ ಮುಗೀಬೇಕು. ತಣ್ಣಗಿರೋ ನೆಲದ ಮೇಲೆ 40 ಮಿ.ಮೀ ಪದರಕ್ಕೆ ಹತ್ತು ಹದಿನೈದು ನಿಮಿಷ ಸಿಗುತ್ತೆ. 25 ಮಿ.ಮೀ ಎಳೆದ್ರೆ ಅದರ ಅರ್ಧವೂ ಇಲ್ಲ. ಬಿಸಿ ಡಾಂಬರು ಕುಶಾಲನಗರದ ಕಡೆಯಿಂದ ಬಂದ್ರೂ ಮೂವತ್ತು ಕಿಲೋಮೀಟರ್ ಏರು, ಟಾರ್ಪಾಲ್ ಮುಚ್ಚದೆ ಬಂದ ಲೋಡನ್ನ ವಾಪಸ್ ಕಳಿಸಿ. ಯಾರಾದ್ರೂ ಥರ್ಮಾಮೀಟರ್ ಹಿಡ್ಕೊಂಡು ನಿಂತ್ರೆ ಏಳು ಅಂಶಕ್ಕಿಂತ ಅದೇ ವಾಸಿ.

ಅದಕ್ಕೂ ಮುಂಚೆ ಈಗ ರಸ್ತೆಯ ಮೈ ನೋಡಿ. ಮೆಷಿನ್ ಹಲ್ಲು ಎಳೆದ ಗೀರುಗಳು 15 ಮಿ.ಮೀಗೆ ಒಂದರಂತೆ ಇವೆ. ಅದರೊಳಗೆ ಪುಡಿ ಬಿದ್ದು, ಮಂಜು ಕುಡಿದು, ಒಣಗಿ ಗಾರೆ ಥರ ಕೂತಿದೆ. ಕೀಲಿಕೈ ತುದಿಯಲ್ಲಿ ಕೆರೆದ್ರೆ ಬಿಳಿ ಹಪ್ಪಳ ಏಳುತ್ತೆ. ಅದರ ಮೇಲೆ ಟ್ಯಾಕ್ ಕೋಟ್ (ಹೊಸ ಪದರ ಹಿಡಿಯೋಕೆ ಹೊಡೆಯೋ ಅಂಟು) ಹೊಡೆದ್ರೆ ಹಪ್ಪಳಕ್ಕೆ ಅಂಟುತ್ತೆ, ರಸ್ತೆಗಲ್ಲ. ತಂತಿ ಬ್ರಷ್, ಆಮೇಲೆ ಕಂಪ್ರೆಸರ್ ಗಾಳಿ. ಹಿಂದಿನ ಸಂಜೆ ನೀರು ಹಾಕಿ ತೊಳೆಯೋದು ಬೇಡ, ಬೆಳಗ್ಗೆಗೆ ಒಣಗಲ್ಲ. ಆ ಅಂಟಿಗೆ ಎಮಲ್ಷನ್ (ನೀರಲ್ಲಿ ಬೆರೆಸಿದ ಡಾಂಬರು) ಚದರ ಮೀಟರ್‌ಗೆ 0.20ರಿಂದ 0.30 ಕೆಜಿ ಅಂತಿದೆ. ಗೀರು ಇರೋದ್ರಿಂದ ನಮಗೆ ಮೇಲಿನ ಅಂಕಿಯೇ ಬೇಕು. ಕಂದು ಬಣ್ಣದ್ದು ಪೂರ್ತಿ ಕಪ್ಪಾಗೋವರೆಗೆ ಡಾಂಬರು ಇಳಿಸಬಾರದು, ತಂಪಲ್ಲಿ ಅದು ನಿಧಾನ.

ಮನೆ 14, 8:11
5ನೇ ಮನೆ ಮುಂದೆ ಉದ್ದಕ್ಕೂ ಒಂದು ಗೆರೆ ಎದ್ದಿದೆಯಲ್ಲ, ಬೈಕ್ ಚಕ್ರ ಎಳೀತದೆ. ಅದೆಂತದು?

ಮನೆ 31, 8:13
ಕೆರೆಯೋ ಮೆಷಿನ್ ಡ್ರಮ್ಮಿನ ಒಂದು ಹಲ್ಲು ಬಿದ್ದಿದೆ, ಅಥವಾ ಸವೆದಿದೆ. ಬದಲಾಯಿಸದೆ ಓಡಿಸಿದ್ದಾರೆ. ಅದನ್ನ ಉಳಿ ಹಿಡಿದು ತೆಗೆಸಬೇಕು. ಅದಕ್ಕಿಂತ ಕೆಟ್ಟದ್ದು ಮೇಲಿನ ಏರಿನಲ್ಲಿದೆ: ಹಳೇ ಪದರ ಒಂದು ಬೆರಳು ದಪ್ಪ ಉಳಿಸಿದ್ದಾರೆ, ಈಗಲೇ ಚಕ್ಕೆ ಚಕ್ಕೆಯಾಗಿ ಏಳ್ತಿದೆ. ಅಷ್ಟು ಜಾಗ ಇನ್ನೊಂದು ಸಲ ಕೆರೆದು ಕೆಳಗಿನ ಪದರದ ತನಕ ಹೋಗಬೇಕು.

ಮನೆ 22, 8:20
ಇಷ್ಟೆಲ್ಲ ಗೊತ್ತಿದ್ದವರು ಮೆಷಿನ್ ಬಂದ ದಿನ ಎಲ್ಲಿದ್ರಿ? ಗುತ್ತಿಗೆದಾರನ ಪರ ಮಾತಾಡೋ ಹಾಗಿದೆ.

ಮನೆ 5, 8:24
ಗುತ್ತಿಗೆದಾರ ಇರಲಿ, ಕೆರೆದ ಪುಡಿ ಎಲ್ಲಿಗೆ ಹೋಯ್ತು ಕೇಳಿ.

ಮನೆ 31, 8:30
320 ಮೀಟರ್ ಉದ್ದ, 5.5 ಅಗಲ, 40 ಮಿ.ಮೀ ಆಳ. 70 ಘನ ಮೀಟರ್. ಹತ್ತಿರ ಹತ್ತಿರ 160 ಟನ್. ಹತ್ತು ಟನ್ನಿನ ಲೋಡ್ ಆದ್ರೆ ಹದಿನಾರು.

ಮನೆ 5, 8:31
ಹದಿನಾರು!! ಅದರಲ್ಲಿ ನಾಲ್ಕು ಒಬ್ಬರ ತೋಟದ ದಾರಿಗೆ ಬಿದ್ದಿದೆ. ಕಾಫಿ ಕೊಯ್ಲಿಗೆ ಪಿಕಪ್ ಹೋಗೋಕೆ.

ಮನೆ 22, 8:33
ನನ್ನ ಬಗ್ಗೆ ಹೇಳ್ತಿದ್ರೆ ನೇರ ಹೇಳಿ. ದುಡ್ಡು ಕೊಟ್ಟು ತಗೊಂಡಿದ್ದೇನೆ.

ಮನೆ 3, 8:33
ಕೆರೆಯೋದೇ ಬೇಡ ಅಂದವರಿಗೇ ಪುಡಿ ಬೇಕಾಯ್ತು 😂

ಮನೆ 22, 8:34
ರಶೀದಿ ತೋರಿಸಬೇಕಾ?

ಮನೆ 5, 8:34
ತೋರಿಸಿ.

ಮನೆ 31, 8:39
ಪುಡಿ ಹಾಸಿದ್ರೆ ಮಧ್ಯಾಹ್ನದ ಬಿಸಿಲಲ್ಲೇ ರೋಲರ್ ಓಡಿಸಿ. ತಂಪಲ್ಲಿ ಅದು ಕೂಡಿಕೊಳ್ಳಲ್ಲ, ಜಲ್ಲಿಯ ಹಾಗೆ ಉದುರ್ತಾ ಇರುತ್ತೆ. ಇರಲಿ. ಮುಖ್ಯ ವಿಷಯ: ಮೆಷಿನ್ ಬಂದ ದಿನ ಆರು ಕಾರು ರಸ್ತೆ ಬದಿ ನಿಂತಿದ್ವು. ಅವುಗಳ ಅಡಿಯ ಜಾಗ ಕೆರೆದೇ ಇಲ್ಲ, ದಿಬ್ಬದ ಹಾಗೆ ಉಳಿದಿದೆ. ನೀರು ಈಗ ಚರಂಡಿಗೆ ಹೋಗೋ ಬದಲು ಅಲ್ಲೇ ತಡೆದು ನಿಲ್ಲುತ್ತೆ. ಡಾಂಬರು ದಿನವೂ ಹಾಗೇ ಆದ್ರೆ ಡಾಂಬರು ಹಾಸೋ ಪೇವರ್ ಮೆಷಿನ್ ಅಲ್ಲಿ ಬಿಟ್ಟು ಹೋಗುತ್ತೆ.

ಮನೆ 9, 8:42
ಅವು ನಮ್ಮ ಬೀದಿಯವರ ಕಾರಲ್ಲ. ಹೋಂಸ್ಟೇ ಗಿರಾಕಿಗಳದ್ದು.

ಮನೆ 14, 8:43
ಶನಿವಾರ ರಾತ್ರಿ ಎರಡರ ತನಕ ಸ್ಪೀಕರ್ ಹಾಕಿದ್ದೂ ಅವರೇ.

ಮನೆ 17, 8:45
ಬಾಟಲಿ ನಮ್ಮ ಕಾಂಪೌಂಡ್ ಒಳಗೆ ಬಿದ್ದಿತ್ತು.

ಮನೆ 22, 8:47
ಸರಿಯಾದ ವಿಷಯ ಈಗ ಬಂತು ನೋಡಿ. ಪರವಾನಗಿ ಇಲ್ಲದ ಹೋಂಸ್ಟೇ ಎಷ್ಟಿದೆ ಅಂತ ಲೆಕ್ಕ ತೆಗೀರಿ. ಮನವಿ ಪತ್ರದಲ್ಲಿ ಮೊದಲ ಅಂಶ ಅದೇ ಆಗಲಿ.

ಅಡ್ಮಿನ್, 9:02
ಭಾನುವಾರ ಸಂಜೆ 5ಕ್ಕೆ ಸಭೆ, ಮೇಲಿನ ತಿರುವಿನ ಶೆಡ್ಡಲ್ಲಿ. ವಿಷಯ: ಹೋಂಸ್ಟೇ ಪಾರ್ಕಿಂಗ್ ಮತ್ತು ಗಲಾಟೆ. ಎಲ್ರೂ ಬನ್ನಿ.

ಮನೆ 3, 9:04
ಕಾಫಿ ಇದ್ಯಾ?

ಮನೆ 9, 9:20
ಕೋಲ್ಡ್ ಮಿಕ್ಸ್ ತರೋಕೆ ನನ್ನ ಪಿಕಪ್ ಕೊಡ್ತೇನೆ. 18 ಚೀಲದ ದುಡ್ಡು ಯಾರ ಹತ್ರ ಕೊಡೋದು?

ಮನೆ 22, 9:26
ಹೋಂಸ್ಟೇ ಪಟ್ಟಿ ಮೊದಲು ಕಳಿಸಿ. ಮಧ್ಯಾಹ್ನದೊಳಗೆ.