ಅಪ್‌ಡೇಟ್: ಕಮೊಡೋರ್ 64 ಫ್ಲಾಪಿ ಕೊನೆಗೂ ಓಡಿತು

ಹೋದ ವಾರ ಕೇಳಿದ್ದೆನಲ್ಲ, ಕಮೊಡೋರ್ 64 ಅನ್ನೋ 80ರ ದಶಕದ ಮನೆ ಕಂಪ್ಯೂಟರ್‌ನ ಹಳೇ ಆಟದ ಫ್ಲಾಪಿಯನ್ನು ಡಿ64 ಇಮೇಜ್ (ಫ್ಲಾಪಿಯ ನಕಲು ಫೈಲ್) ಮಾಡಿದರೆ, ಆ ಕಂಪ್ಯೂಟರ್‌ನಂತೆ ನಡೆದುಕೊಳ್ಳೋ ವೈಸ್ ಎಮ್ಯುಲೇಟರ್‌ನಲ್ಲಿ ಆಟದ ಟೈಟಲ್ ಬಂದು ಅಲ್ಲೇ ನಿಂತುಬಿಡುತ್ತೆ ಅಂತ. ಸರಿಹೋಯ್ತು!

ಫ್ಲಾಪಿ ಡ್ರೈವ್‌ನ ಓದೋ ಹೆಡ್ ಒರೆಸಿ ಮತ್ತೆ ಕಾಪಿ ಮಾಡಿ ಅಂತ ಕೆಲವರು ಅಂದಿದ್ರಿ. ಮೂರು ಸಲ ಮಾಡಿದೆ, ಊಹೂಂ. ವೈಸ್‌ನಲ್ಲಿ ಟ್ರೂ ಡ್ರೈವ್ ಎಮ್ಯುಲೇಷನ್ (ಫ್ಲಾಪಿ ಡ್ರೈವನ್ನೂ ಪೂರ್ತಿ ಅನುಕರಿಸೋ ಸೆಟ್ಟಿಂಗ್) ಆನ್ ಮಾಡಿದ್ದಷ್ಟೇ ಸಾಲಲಿಲ್ಲ. ಅದರ ಜೊತೆಗೆ ಜಿ64 ಅನ್ನೋ ಇನ್ನೊಂದು ಬಗೆಯ ಇಮೇಜ್ ಬಳಸಿ ಅಂದವರಿಗೆ ದೊಡ್ಡ ನಮಸ್ಕಾರ. ಫ್ಲಾಪಿ ಮೇಲೆ ವೃತ್ತಾಕಾರದ ಟ್ರ್ಯಾಕ್‌ಗಳು, ಅವುಗಳ ತುಂಡುಗಳೇ ಸೆಕ್ಟರ್‌ಗಳು; ಡಿ64 ಬರೀ ಸೆಕ್ಟರ್‌ಗಳೊಳಗಿನ ಡೇಟಾ ಇಡುತ್ತೆ. ಈ ಆಟದ ಕಾಪಿ ಪ್ರೊಟೆಕ್ಷನ್ (ನಕಲು ತಡೆಯೋ ತಂತ್ರ) ಕೂತಿದ್ದದ್ದು ಸೆಕ್ಟರ್‌ಗಳ ನಡುವಿನ ಜಾಗದಲ್ಲಿ. ಜಿ64 ಇಡೀ ಟ್ರ್ಯಾಕ್‌ನ ಜಿಸಿಆರ್ ಬಿಟ್‌ಗಳನ್ನೇ (ಡ್ರೈವ್ ಡಿಸ್ಕ್ ಮೇಲೆ ಬರೆಯೋ ಸಂಕೇತ ರೂಪದ ಬಿಟ್‌ಗಳು) ಎತ್ತಿಡುತ್ತೆ.

ಇನ್ನೊಂದು ತಮಾಷೆ: ನನ್ನ ಒಂದು ಡಿ64 ಫೈಲ್ 1,74,848 ಬೈಟ್, ಇನ್ನೊಂದು 1,75,531. ಕೆಟ್ಟಿದೆ ಅಂತ ಡಿಲೀಟ್ ಮಾಡೋದರಲ್ಲಿದ್ದೆ. ನೋಡಿದರೆ ಆ ಹೆಚ್ಚುವರಿ 683 ಬೈಟ್, ಡಿಸ್ಕ್‌ನ 683 ಸೆಕ್ಟರ್‌ಗಳಿಗೆ ತಲಾ ಒಂದು ಎರರ್ ಕೋಡ್ (ಓದುವಾಗ ದೋಷ ಇತ್ತೇ ಅನ್ನೋ ಗುರುತು)!